ಒಂದು ಇಲಿಯ ಸುಳಿವು: ಬೇರಿಂಗ್ ಸಮುದ್ರದ ಸೇಂಟ್ ಪಾಲ್ ದ್ವೀಪದ ಪ್ರಕರಣ

2024ರ ಜೂನ್ ತಿಂಗಳು. ಅಲಾಸ್ಕದ ಸೇಂಟ್ ಪಾಲ್ ದ್ವೀಪದಲ್ಲಿ ಮನೆಯ ಹೊರಗೆ ಕೂತಿದ್ದ ಒಬ್ಬರಿಗೆ ಇಲಿಯೊಂದು ಕಂಡಿತು. ಕಂಡಿತೋ, ಕಂಡಂತಾಯಿತೋ ಎಂದು ಅವರಿಗೇ ಪೂರ್ತಿ ಖಾತ್ರಿ ಇರಲಿಲ್ಲ. ಆದರೂ ಸುಮ್ಮನಿರದೆ ತಿಳಿಸಿದರು. ಸುದ್ದಿ ಮುಟ್ಟಿದ ಬೆನ್ನಲ್ಲೇ ವನ್ಯಜೀವಿ ಸಿಬ್ಬಂದಿ ಆ ವಸತಿ ಕಟ್ಟಡಕ್ಕೆ ಬಂದರು. ಸುತ್ತಲಿನ ಹುಲ್ಲಿನಲ್ಲಿ, ಜಗಲಿಯ ಅಡಿಯಲ್ಲಿ ತೆವಳುತ್ತ ಮೂರು ವಸ್ತು ಹುಡುಕಿದರು: ಹೆಜ್ಜೆಯ ಗುರುತು, ಹಲ್ಲಿನ ಗುರುತು, ಹಿಕ್ಕೆ. ಒಂದೂ ಸಿಗಲಿಲ್ಲ. ಪೀನಟ್ ಬಟರ್ ಸವರಿದ ಬೋನುಗಳನ್ನು ಇಟ್ಟರು, ಪ್ರಾಣಿ ಸುಳಿದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿದರು. ಬೇಸಿಗೆ ಕಳೆದು ಶರತ್ಕಾಲ ಬಂದರೂ ಇಲಿ ಇದ್ದದ್ದಕ್ಕೆ ಯಾವ ಕುರುಹೂ ಇರಲಿಲ್ಲ. ಎಚ್ಚರಿಕೆಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ಅತಿ ಮಾಡುವವರನ್ನು ಕಂಡರೆ ನಮ್ಮಲ್ಲಿ 'ಇಲಿಯನ್ನು ಹುಲಿ ಮಾಡಬೇಡ' ಅನ್ನುತ್ತೇವೆ. ಈ ದ್ವೀಪದಲ್ಲಿ ಇಲಿಯನ್ನು ಹುಲಿ ಎಂದು ಎಣಿಸುವುದೇ ಸರಿಯಾದ ಲೆಕ್ಕ. ಯಾಕೆ ಸರಿ, ಹಾಗೆ ಎಣಿಸಿದ ಮೇಲೆ ಏನೇನು ಮಾಡಬೇಕಾಗುತ್ತದೆ, ಎಲ್ಲಿ ಕೈ ತಪ್ಪುತ್ತದೆ ಎಂಬುದನ್ನು ಈ ಒಂದು ಪ್ರಕರಣ ಬಿಡಿಸಿ ತೋರಿಸುತ್ತದೆ.

ದ್ವೀಪ ಮತ್ತು ಅಲ್ಲಿನವರು

ಪ್ರಿಬಿಲೋಫ್ ದ್ವೀಪಗಳಲ್ಲಿ ಜನವಸತಿ ಇರುವುದು ಎರಡರಲ್ಲಿ, ಸೇಂಟ್ ಪಾಲ್ ಮತ್ತು ಸೇಂಟ್ ಜಾರ್ಜ್. ಅಲಾಸ್ಕದ ಮುಖ್ಯ ನೆಲದಿಂದ ಪಶ್ಚಿಮಕ್ಕೆ ಸುಮಾರು 480 ಕಿಲೋಮೀಟರ್ ದೂರ. ಮರವಿಲ್ಲದ ನೆಲ, ಅಂಚಿಗೆ ಕಡಿದಾದ ಬಂಡೆಗೋಡೆ, ಎಡೆಬಿಡದ ಗಾಳಿ. ಊರು ಇರುವುದು ಸೇಂಟ್ ಪಾಲ್‌ನ ದಕ್ಷಿಣ ತುದಿಯಲ್ಲಿ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 413 ಮಂದಿ, ಈಗ ಅದಕ್ಕಿಂತ ಕಡಿಮೆ.

ಬೇಸಿಗೆಯಲ್ಲಿ ಈ ಗುಂಪಿನ ಬಂಡೆಗಳಿಗೆ ಲಕ್ಷಗಟ್ಟಲೆ ಕಡಲಹಕ್ಕಿಗಳು ಗೂಡಿಗೆ ಬರುತ್ತವೆ: ಮರ್, ಪಫಿನ್, ಫುಲ್ಮರ್, ಆಕ್ಲೆಟ್, ಕೆಂಪು ಮುಖದ ನೀರುಕಾಗೆ. ಕೆಂಪುಗಾಲಿನ ಕಿಟಿವೇಕ್ ಎಂಬ ಹಕ್ಕಿಯ ಜಗತ್ತಿನ ಸಂಖ್ಯೆಯಲ್ಲಿ ಬಹುಪಾಲು ಗೂಡು ಕಟ್ಟುವುದು ಈ ಎರಡು ದ್ವೀಪಗಳಲ್ಲೇ, ಅದರಲ್ಲೂ ಸೇಂಟ್ ಜಾರ್ಜ್‌ನಲ್ಲಿ. ಸೇಂಟ್ ಪಾಲ್‌ನಲ್ಲಿ ಇರುವ ಒಂದು ಪುಟ್ಟ ಸುಂಡಿಲಿ ಜಗತ್ತಿನ ಬೇರೆಲ್ಲೂ ಇಲ್ಲ. ಕಡಲತೀರದಲ್ಲಿ ಉತ್ತರದ ತುಪ್ಪಳ ಸೀಲ್‌ಗಳು ಮರಿ ಹಾಕುತ್ತವೆ. ಇಲ್ಲಿ ನೆಲೆಸಿರುವ ಉನಾಂಗನ್ ಬುಡಕಟ್ಟಿನ ಜನ ತಮ್ಮ ಭಾಷೆಯಲ್ಲಿ ಅವನ್ನು ಲಾಕುದನ್ ಎನ್ನುತ್ತಾರೆ.

ಉನಾಂಗನ್ನರು ಇಲ್ಲಿಗೆ ತಾವಾಗಿ ಬಂದು ನೆಲೆಸಿದವರಲ್ಲ. 1786ರಲ್ಲಿ ರಷ್ಯನ್ ನಾವಿಕ ಪ್ರಿಬಿಲೋವ್ ಸೀಲ್‌ಗಳ ತಾಣ ಕಂಡುಹಿಡಿದ ಮೇಲೆ, ತುಪ್ಪಳದ ವ್ಯಾಪಾರಿಗಳು ಅವರನ್ನು ದಕ್ಷಿಣಕ್ಕಿರುವ ಅಲ್ಯೂಷಿಯನ್ ದ್ವೀಪಸಾಲಿನಿಂದ ಎತ್ತಿ ತಂದು ಸೀಲ್ ಕೊಯ್ಯುವ ಕೆಲಸಕ್ಕೆ ಹಚ್ಚಿದರು. 1867ರಲ್ಲಿ ಅಲಾಸ್ಕ ಅಮೆರಿಕದ ಪಾಲಾಯಿತು. ಕೆಲಸ ಮಾತ್ರ ಅದೇ ಉಳಿಯಿತು, ಒಡೆಯರು ಬದಲಾದರು. 1942ರ ಜೂನಿನಲ್ಲಿ ಜಪಾನಿನ ಸೇನೆ ಅಲ್ಯೂಷಿಯನ್ನಿಗೆ ಬಂದಾಗ ಎರಡೂ ದ್ವೀಪದ ಜನರನ್ನು ಆಗ್ನೇಯ ಅಲಾಸ್ಕದ ಫಂಟರ್ ಬೇಗೆ ಸಾಗಿಸಿ, ಪಾಳುಬಿದ್ದ ಮೀನು ಡಬ್ಬಿ ಕಾರ್ಖಾನೆ ಮತ್ತು ಚಿನ್ನದ ಗಣಿಯ ಕಟ್ಟಡಗಳಲ್ಲಿ ಇಟ್ಟರು. ಹಲವರು ಅಲ್ಲೇ ತೀರಿಕೊಂಡರು, ಉಳಿದವರು 1944ರಲ್ಲಿ ಮರಳಿದರು. ಸೇಂಟ್ ಪಾಲ್‌ನಲ್ಲಿ ವಾಣಿಜ್ಯದ ಸೀಲ್ ಕೊಯ್ಲು ನಿಂತದ್ದು 1984ರಲ್ಲಿ.

ಈ ಹಿನ್ನೆಲೆ ಹೇಳದೆ ಇಲಿಯ ವಿಷಯಕ್ಕೆ ಹೋಗಲಾಗದು. ಒಂದು ಕಾಲಕ್ಕೆ ಸೀಲ್‌ಗಳ ಲೆಕ್ಕವೂ ಜನರ ಲೆಕ್ಕವೂ ಸರ್ಕಾರದ ಅಧಿಕಾರಿಯ ಪುಸ್ತಕದಲ್ಲಿತ್ತು. ಈಗ ಲೆಕ್ಕ ಬರೆಯುವವರು ಊರಿನವರೇ. ಸೇಂಟ್ ಪಾಲ್‌ನ ಬುಡಕಟ್ಟು ಸರ್ಕಾರವಾದ ಅಲ್ಯೂಟ್ ಕಮ್ಯುನಿಟಿ ಆಫ್ ಸೇಂಟ್ ಪಾಲ್ ಐಲ್ಯಾಂಡ್ (ಅಲ್ಯೂಟ್ ಎಂಬುದು ಉನಾಂಗನ್ನರ ಇನ್ನೊಂದು ಹೆಸರು) ತನ್ನದೇ ಪರಿಸರ ಸಂರಕ್ಷಣಾ ಕಚೇರಿ ನಡೆಸುತ್ತದೆ. 2000ದಲ್ಲಿ ಅದು ಕೇಂದ್ರದ ಮೀನುಗಾರಿಕಾ ಇಲಾಖೆಯೊಂದಿಗೆ ತುಪ್ಪಳ ಸೀಲ್ ಮತ್ತು ಸ್ಟೆಲ್ಲರ್ ಕಡಲಸಿಂಹಗಳ ಜಂಟಿ ನಿರ್ವಹಣೆಗೆ ಒಪ್ಪಂದ ಮಾಡಿಕೊಂಡಿತು. ಹಕ್ಕಿಗಳ ಬಂಡೆಗೋಡೆಗಳನ್ನು ನೋಡಿಕೊಳ್ಳುವುದು ಅಲಾಸ್ಕ ಮ್ಯಾರಿಟೈಮ್ ವನ್ಯಜೀವಿ ಧಾಮ. ಧಾಮದ ಮುಖ್ಯ ಕಚೇರಿ ಇರುವುದು ದೂರದ ಹೋಮರ್ ಪಟ್ಟಣದಲ್ಲಿ. ಜನವರಿಯ ಬಿರುಗಾಳಿಯಲ್ಲಿ ವಿಮಾನ ಇಳಿಯದ ದಿನಗಳಲ್ಲಿ ಬಂದರಿಗೆ ನಡೆದುಹೋಗಿ ಬೋನು ನೋಡಬಲ್ಲವರು ಊರಿನವರು ಮಾತ್ರ. ಇಡೀ ಕಾವಲು ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ಇಲಿ ಬಂದರೆ ಏನಾಗುತ್ತದೆ

ಭಯ ಕಂದು ಇಲಿಯದು, ನಾರ್ವೆ ಇಲಿ ಎಂದು ಕರೆಯುವುದೂ ಅದನ್ನೇ. ನಮ್ಮ ಊರಿನ ಚರಂಡಿಯಲ್ಲಿ ಕಾಣುವ ಹೆಗ್ಗಣ ಬೇರೆ ಜಾತಿ. ಗಾತ್ರ ಅಂದಾಜಿಗೆ ಸಿಗಲಿ ಎಂದರೆ ಅದನ್ನು ನೆನೆಸಿಕೊಳ್ಳಬಹುದು. ಬೆಳೆದ ಕಂದು ಇಲಿ 200ರಿಂದ 500 ಗ್ರಾಂ ತೂಗುತ್ತದೆ. ಕಿರಿಯ ಆಕ್ಲೆಟ್ ತೂಗುವುದು ಸುಮಾರು 85 ಗ್ರಾಂ. ಕಲ್ಲುಗುಪ್ಪೆಯ ಸಂದಿನಲ್ಲಿ ವರ್ಷಕ್ಕೆ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ ಅದು. ಮರ್ ಕೂಡ ವರ್ಷಕ್ಕೆ ಒಂದನ್ನೇ ಇಡುತ್ತದೆ, ಅದೂ ಗೂಡಿಲ್ಲದೆ ಬರಿಯ ಬಂಡೆಯ ಅಂಚಿನಲ್ಲಿ. ನರಿಯಿಂದ ತಪ್ಪಿಸಿಕೊಳ್ಳಲು ಸಂದು ಮತ್ತು ಕಡಿದಾದ ಅಂಚು ಸಾಕು. ಇಲಿ ಸಂದಿನೊಳಗೆ ನುಗ್ಗುತ್ತದೆ, ಬಂಡೆ ಹತ್ತುತ್ತದೆ, ಈಜುತ್ತದೆ. ಮೊಟ್ಟೆ, ಮರಿ, ಗೂಡಿನಲ್ಲಿ ಕೂತ ತಾಯಿ ಮೂರನ್ನೂ ತಿನ್ನುತ್ತದೆ. ಗರ್ಭದ ಅವಧಿ 21ರಿಂದ 23 ದಿನ, ಒಂದು ಸೂಲಿಗೆ 6ರಿಂದ 12 ಮರಿ, ಆ ಮರಿಗಳು ಎರಡು ಮೂರು ತಿಂಗಳಿಗೇ ಮರಿ ಹಾಕಲು ಸಿದ್ಧ. ವರ್ಷಕ್ಕೊಂದು ಮೊಟ್ಟೆಯ ಹಕ್ಕಿ ಈ ಓಟದಲ್ಲಿ ಗೆಲ್ಲುವುದಿಲ್ಲ.

ಊಹೆಯ ಮಾತಲ್ಲ ಇದು. ಅಲ್ಯೂಷಿಯನ್ ಸಾಲಿನ ಕಿಸ್ಕಾ ದ್ವೀಪದ ಸಿರಿಯಸ್ ಪಾಯಿಂಟ್‌ನಲ್ಲಿ ಆಕ್ಲೆಟ್‌ಗಳ ಭಾರಿ ನೆಲೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಗೆ ಇಲಿ ಇಳಿಯಿತು. ಉನಾಂಗನ್ನರನ್ನು ಮನೆ ಬಿಡಿಸಿದ ಅದೇ ಯುದ್ಧ ಅದು. ಕಿಸ್ಕಾದ ಇಲಿಗಳು ಕೂಡಿಟ್ಟ ಉಗ್ರಾಣಗಳಲ್ಲಿ ಆಕ್ಲೆಟ್‌ಗಳ ಹೆಣ ರಾಶಿ ಬಿದ್ದಿದ್ದನ್ನು ಸಂಶೋಧಕರು ಕಂಡಿದ್ದಾರೆ.

ಹಾನಿ ಹಕ್ಕಿಗೇ ನಿಲ್ಲುವುದಿಲ್ಲ, ಸಮುದ್ರದ ಅಂಚಿಗೂ ಇಳಿಯುತ್ತದೆ. ಅಲ್ಯೂಷಿಯನ್ನಿನ ಇಲಿಯಿರುವ ಮತ್ತು ಇಲಿಯಿಲ್ಲದ ದ್ವೀಪಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನ ಇದರ ಸರಪಳಿಯನ್ನು ಬಿಡಿಸಿತು. ಗಲ್ ಮತ್ತು ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ಇಳಿತದ ಹೊತ್ತಿಗೆ ತೀರಕ್ಕೆ ಬಂದು ಬಂಡೆಗಂಟಿದ ಚಿಪ್ಪುಜೀವಿ, ಬಸವನಹುಳುಗಳನ್ನು ತಿನ್ನುತ್ತವೆ. ಇಲಿ ಬಂದ ದ್ವೀಪದಲ್ಲಿ ಆ ಹಕ್ಕಿಗಳು ತಗ್ಗಿದವು. ತಿನ್ನುವವರಿಲ್ಲದೆ ಚಿಪ್ಪುಜೀವಿಗಳು ಹೆಚ್ಚಿ ಕಡಲಪಾಚಿಯನ್ನು ಮೇಯ್ದು ಬೋಳಿಸಿದವು. ಪಾಚಿಯನ್ನು ಇಲಿ ಮುಟ್ಟಿಯೂ ಇಲ್ಲ, ಆದರೂ ತೀರದ ಬಣ್ಣವೇ ಬದಲಾಯಿತು.

ತಿರುಗಿ ಸರಿಪಡಿಸಬಹುದೇ? ಬಹುದು, ಒಂದು ಬೆಲೆಗೆ. 18ನೆಯ ಶತಮಾನದ ಕೊನೆಯಲ್ಲಿ ಜಪಾನಿನ ಹಡಗೊಂದು ಒಡೆದು ಇಲಿ ಸೇರಿದ್ದ, ರ‍್ಯಾಟ್ ಐಲ್ಯಾಂಡ್ ಎಂದೇ ಹೆಸರಾದ ದ್ವೀಪಕ್ಕೆ 2008ರಲ್ಲಿ ಹೆಲಿಕಾಪ್ಟರಿನಿಂದ ಬ್ರೋಡಿಫಕೌಮ್ ಎಂಬ, ರಕ್ತ ಹೆಪ್ಪುಗಟ್ಟಲು ಬಿಡದ ವಿಷದ ಉಂಡೆಗಳನ್ನು ಎರಚಿದರು. ಇಲಿ ನಿರ್ನಾಮವಾಯಿತು. 2012ರಲ್ಲಿ ದ್ವೀಪಕ್ಕೆ ಹವಾಡಾಕ್ಸ್ ಎಂಬ ಉನಾಂಗನ್ ಹೆಸರು ಮರಳಿತು. ಹನ್ನೊಂದು ವರ್ಷದ ಹೊತ್ತಿಗೆ ಹಕ್ಕಿಗಳು ಬಂದು, ಚಿಪ್ಪುಜೀವಿ ತಗ್ಗಿ, ಪಾಚಿ ಚಿಗುರಿ, ತೀರ ಇಲಿಯಿಲ್ಲದ ದ್ವೀಪಗಳಂತಾಯಿತು. ಆದರೆ ವಿಷದ ನಂತರ ಅಲ್ಲಿ 46 ಬೋಳುಹದ್ದು, 300ಕ್ಕೂ ಹೆಚ್ಚು ಗಲ್‌ಗಳ ಹೆಣ ಸಿಕ್ಕವು.

ಸೇಂಟ್ ಪಾಲ್‌ನಲ್ಲಿ ಹಾಗೆ ಎರಚುವುದನ್ನು ಊಹಿಸಿಕೊಳ್ಳುವುದೂ ಕಷ್ಟ. ಹವಾಡಾಕ್ಸ್ ನಿರ್ಜನ, ಇಲ್ಲಿ ಮಕ್ಕಳಿರುವ ಊರಿದೆ. ಎಲ್ಲೆಂದರಲ್ಲಿ ಓಡಾಡುವ ಆರ್ಕ್ಟಿಕ್ ನರಿ ಸತ್ತ ಇಲಿಯನ್ನೂ ವಿಷದ ಉಂಡೆಯನ್ನೂ ಬಿಡದೆ ತಿನ್ನುತ್ತದೆ. ಬೇರೆಲ್ಲೂ ಇಲ್ಲದ ಸುಂಡಿಲಿ ಇಲ್ಲಿದೆ. 1911ರಲ್ಲಿ ತಂದುಬಿಟ್ಟ ಹಿಮಸಾರಂಗದ ಹಿಂಡನ್ನು ಜನ ಆಹಾರಕ್ಕೆ ಬೇಟೆಯಾಡುತ್ತಾರೆ. ಆದ್ದರಿಂದ ಇಲಿ ನೆಲೆಗೊಂಡ ಮೇಲಿನ ದಾರಿ ಇಲ್ಲಿ ಬಹುಮಟ್ಟಿಗೆ ಮುಚ್ಚಿದೆ. ಇರುವ ಅವಕಾಶವೆಲ್ಲ ಮೊದಲ ಇಲಿಯ ಹಂತದಲ್ಲಿ.

ದಿನನಿತ್ಯದ ಕಾವಲು

ಸೇಂಟ್ ಪಾಲ್ ಮತ್ತು ಸೇಂಟ್ ಜಾರ್ಜ್‌ನ ಜನ ಧಾಮದ ಜೊತೆ ಸೇರಿ ಈ ಕಾವಲನ್ನು 1990ರ ದಶಕದಲ್ಲಿ ಕಟ್ಟಿದರು. ಬಂದರು ದೊಡ್ಡದಾಗಿ ಏಡಿ ದೋಣಿಗಳ ದಟ್ಟಣೆ ಏರಿದ ಕಾಲ ಅದು. ಅಲಾಸ್ಕ ರಾಜ್ಯವೂ ಹಡಗಿನಲ್ಲಾಗಲಿ ಗೋದಾಮಿನಲ್ಲಾಗಲಿ ಇಲಿಗೆ ನೆಲೆ ಕೊಡುವುದನ್ನು ಕಾನೂನುಬಾಹಿರ ಮಾಡಿದೆ. ಕಾನೂನು ಬೇಕು. ಆದರೆ ಇಲಿ ಕಾಗದ ನೋಡಿ ಇಳಿಯುವುದಿಲ್ಲ, ಆದ್ದರಿಂದ ನೆಲದ ಮೇಲಿನ ಕೆಲಸವೇ ಮುಖ್ಯ.

ಇಲಿ ಬರುವ ದಾರಿಗಳು ಎಣಿಸಿದಷ್ಟೇ. ದಡಕ್ಕೆ ಕಟ್ಟಿದ ದೋಣಿಯ ಹಗ್ಗದ ಮೇಲೆ ನಡೆದು ಬರಬಹುದು. ಬಾರ್ಜ್ ಎಂಬ ಚಪ್ಪಟೆ ತಳದ ಸರಕು ದೋಣಿಯಲ್ಲಿ ಬಂದ ಮರಳು, ಮರಮುಟ್ಟು, ಸರಕಿನ ಕಂಟೇನರ್‌ನೊಳಗೆ ಇರಬಹುದು. ಏಡಿ ಹಿಡಿಯುವ ಕಬ್ಬಿಣದ ಪಂಜರಗಳನ್ನು ಬೇರೆ ಬಂದರಿನ ದಡದಲ್ಲಿ ತಿಂಗಳುಗಟ್ಟಲೆ ಪೇರಿಸಿಟ್ಟು ಇಲ್ಲಿಗೆ ತಂದರೆ, ಒಳಗಿನ ಹಗ್ಗದ ಸುರುಳಿಯಲ್ಲಿ ಇಲಿ ಬೆಚ್ಚಗೆ ಮಲಗಿರಬಹುದು. ವಿಮಾನದ ಸರಕು ಒಂದು ದಾರಿ. ಇನ್ನೊಂದು, ಎಲ್ಲಕ್ಕಿಂತ ಕೆಟ್ಟದ್ದು, ಹಡಗು ಒಡೆಯುವುದು. 2004ರ ಡಿಸೆಂಬರಿನಲ್ಲಿ ಸೆಲೆಂಡಾಂಗ್ ಆಯು ಎಂಬ ಸರಕು ಹಡಗು ಅಲ್ಯೂಷಿಯನ್ನಿನ ಉನಾಲಾಸ್ಕ ದ್ವೀಪದ ಬಳಿ ಎರಡು ತುಂಡಾಯಿತು, ಆರು ನಾವಿಕರು ಸತ್ತರು, ಎಣ್ಣೆ ಚೆಲ್ಲಿತು. ಎಣ್ಣೆಯ ಜಿಡ್ಡು ವರ್ಷ ಕಳೆದಂತೆ ತೆಳುವಾಗುತ್ತದೆ. ಒಡೆದ ಹಡಗಿನಿಂದ ಈಜಿ ದಡ ಸೇರಿದ ಇಲಿ ವರ್ಷ ಕಳೆದಂತೆ ಹೆಚ್ಚುತ್ತದೆ. ಹಾಗಾಗಿ ಅಲಾಸ್ಕದಲ್ಲಿ ದ್ವೀಪ ಕಾಯುವವರು ಎಣ್ಣೆ ಸೋರಿಕೆ ಎಂಬಂತೆ ಇಲಿ ಸೋರಿಕೆ ಎಂಬ ಮಾತನ್ನೂ ಬಳಸುತ್ತಾರೆ.

ಇದಕ್ಕೆ ಎದುರಾಗಿ ಸೇಂಟ್ ಪಾಲ್‌ನಲ್ಲಿ ಹಡಗು ತಂಗುವ ದಡದ ಉದ್ದಕ್ಕೂ ವಿಮಾನ ನಿಲ್ದಾಣದ ಸುತ್ತಲೂ ಬೋನುಗಳನ್ನು ವರ್ಷಪೂರ್ತಿ ಇಟ್ಟಿರುತ್ತಾರೆ. ಇಂಥ ಬೋನುಗಳನ್ನು ಇಡುವ ಕ್ರಮ ಕೇಳಲು ಸುಲಭ. ಕತ್ತರಿ ಬೋನನ್ನು ಗೋಡೆಗೆ ಅಡ್ಡಡ್ಡ, ಆಮಿಷ ಸವರಿದ ತುದಿ ಗೋಡೆಯ ಕಡೆಗೆ ಬರುವಂತೆ ಇಡಬೇಕು. ಇಲಿ ಬಯಲಿನಲ್ಲಿ ಓಡುವುದಿಲ್ಲ, ಮೀಸೆ ಗೋಡೆಗೆ ತಾಗಿಸಿಕೊಂಡು ಓಡುತ್ತದೆ. ಬೋನಿನ ಮೇಲೆ ಪೆಟ್ಟಿಗೆ ಮುಚ್ಚಬೇಕು, ಪೆಟ್ಟಿಗೆಯ ತೂತು ಇಲಿ ಹೋಗುವಷ್ಟಿರಬೇಕು, ನರಿಯ ಮೂತಿ ತೂರುವಷ್ಟಿರಬಾರದು. ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯಬೇಕು, ಇಲ್ಲದಿದ್ದರೆ ಗಾಳಿ ಒಯ್ಯುತ್ತದೆ, ಅಥವಾ ನರಿ.

ಕೆಡುವುದು ಇಡುವಾಗಲ್ಲ, ನೋಡಿಕೊಳ್ಳುವಾಗ. ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದು ಕತ್ತರಿ ಬೀಳುವುದೇ ಇಲ್ಲ. ಪೀನಟ್ ಬಟರ್ ಚಳಿಗೆ ಕಲ್ಲಾಗಿ ವಾಸನೆ ಬಿಡುವುದಿಲ್ಲ, ಬೇಸಿಗೆಯ ತೇವಕ್ಕೆ ಬೂಸಲು ಹಿಡಿಯುತ್ತದೆ. ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇರುವ ಮನೆಯ ಚಿಟ್ಟಿಲಿಗಳು ಆಮಿಷವನ್ನು ನೆಕ್ಕಿ ಖಾಲಿ ಮಾಡುತ್ತವೆ. ಹಿಮ ಬಿದ್ದಾಗ ಪೆಟ್ಟಿಗೆಯ ಬಾಯಿ ಮುಚ್ಚಿಹೋಗುತ್ತದೆ. ಮೇಲಿಂದ ನೋಡಿದರೆ ಎಲ್ಲ ಪೆಟ್ಟಿಗೆಯೂ ಇದ್ದಲ್ಲೇ ಇರುತ್ತದೆ, ಒಳಗೆ ಯಾವುದೂ ಕೆಲಸ ಮಾಡುತ್ತಿರುವುದಿಲ್ಲ. ಇಲಿ ಬಾರದ ವರ್ಷಗಳಲ್ಲೂ ಪ್ರತಿ ಪೆಟ್ಟಿಗೆಯ ಮುಚ್ಚಳ ತೆಗೆದು, ಕಡ್ಡಿಯಿಂದ ಕತ್ತರಿ ಬೀಳಿಸಿ ನೋಡಿ, ಒರೆಸಿ, ಹೊಸ ಆಮಿಷ ಸವರಿ ಮತ್ತೆ ಎತ್ತಿಡುವವರು ಬೇಕು. ಈ ಕೆಲಸಕ್ಕೆ ಹಣ ಕೊಡುವವರನ್ನು ಹುಡುಕುವುದು ನಿರ್ಮೂಲನಕ್ಕೆ ಹಣ ಹುಡುಕುವುದಕ್ಕಿಂತ ಕಷ್ಟ. ಫಲ ಕಣ್ಣಿಗೆ ಕಾಣುವುದಿಲ್ಲವಲ್ಲ.

ಸುಳಿವು ಸಿಕ್ಕ ಮೇಲೆ

 ಇಂಥ ಹುಡುಕಾಟದಲ್ಲಿ ಮೇಣದ ಬಿಲ್ಲೆಗಳನ್ನೂ ಇಡುತ್ತಾರೆ. ಇವು ವಿಷವಲ್ಲ, ಸಾಕ್ಷಿ ಹಿಡಿಯುವ ಸಾಧನ. ಮೆತ್ತಗಿನ ಮೇಣದಲ್ಲಿ ಹಲ್ಲಿನ ಅಚ್ಚು ಸ್ಪಷ್ಟವಾಗಿ ಉಳಿಯುತ್ತದೆ. ಕೆಲವು ಬಿಲ್ಲೆಗಳಲ್ಲಿ ಅತಿನೇರಳೆ ಬೆಳಕಿಗೆ ಹೊಳೆಯುವ ವಸ್ತು ಬೆರೆಸಿರುತ್ತಾರೆ. ಅದನ್ನು ತಿಂದ ಪ್ರಾಣಿಯ ಹಿಕ್ಕೆ ಕತ್ತಲಲ್ಲಿ ಆ ಬೆಳಕಿನ ಟಾರ್ಚ್ ಬಿಟ್ಟರೆ ಹೊಳೆಯುತ್ತದೆ. ಬಿಲ್ಲೆ ಇಟ್ಟ ಜಾಗದಿಂದ ಪ್ರಾಣಿ ಎತ್ತ ಹೋಯಿತು, ಎಲ್ಲಿ ಬಿಲ ಮಾಡಿದೆ ಎಂಬ ದಾರಿಯೇ ಹಾಗೆ ಸಿಕ್ಕಿಬಿಡಬಹುದು.

ಸೇಂಟ್ ಪಾಲ್‌ನಲ್ಲಿ ತೊಡಕಿರುವುದು ಗುರುತನ್ನು ಓದುವುದರಲ್ಲಿ. ಚಿಟ್ಟಿಲಿ ಎಲ್ಲೆಲ್ಲೂ ಕಚ್ಚುತ್ತದೆ, ನರಿಯೂ ಕಚ್ಚುತ್ತದೆ. ಹಾಗಾಗಿ ಅಳತೆಪಟ್ಟಿ ಕೈಯಲ್ಲಿರಬೇಕು. ಚಿಟ್ಟಿಲಿಯ ಮುಂಹಲ್ಲಿನ ಗೀರು ಒಂದೆರಡು ಮಿಲಿಮೀಟರ್ ಅಗಲ, ಮೇಣದ ಅಂಚನ್ನು ಕೆರೆದು ಪುಡಿ ಮಾಡಿದಂತೆ ಕಾಣುತ್ತದೆ. ಇಲಿಯದು ಮೂರೂವರೆ ನಾಲ್ಕು ಮಿಲಿಮೀಟರ್, ಜೋಡಿ ಗೀರು ಆಳವಾಗಿ, ಉಳಿಯಿಂದ ಹೆರೆದಂತೆ. ನರಿಯ ಹಲ್ಲು ಬಿಲ್ಲೆಯನ್ನು ತೂತು ಮಾಡುತ್ತದೆ, ಹೆರೆಯುವುದಿಲ್ಲ. ಹಿಕ್ಕೆಯೂ ಹಾಗೆಯೇ: ಚಿಟ್ಟಿಲಿಯದು ಜೀರಿಗೆಯಷ್ಟು, ಮೂರರಿಂದ ಆರು ಮಿಲಿಮೀಟರ್. ಕಂದು ಇಲಿಯದು ಅವರೆಕಾಳಿನಷ್ಟು ಉದ್ದ, ಹನ್ನೆರಡರಿಂದ ಇಪ್ಪತ್ತು ಮಿಲಿಮೀಟರ್, ತುದಿ ಮೊಂಡು. ಹೆಜ್ಜೆಯಲ್ಲಿ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ಕೆಸರಿನಲ್ಲಿ ನಡುವೆ ಬಾಲ ಎಳೆದ ಗೆರೆ. ಅನುಮಾನ ಬಂದ ಬಿಲ್ಲೆಯನ್ನು ಎಸೆಯದೆ ಜಾಗ, ದಿನ ಬರೆದು ಚೀಲದಲ್ಲಿ ಹಾಕಿಡಬೇಕು.

ಕ್ಯಾಮೆರಾವನ್ನು ನೆಲದಿಂದ ಒಂದು ಮೊಳ ಎತ್ತರಕ್ಕಿಂತ ಮೇಲೆ ಕಟ್ಟಿದರೆ ಇಲಿಯಷ್ಟು ಚಿಕ್ಕ ಪ್ರಾಣಿಯ ಬಿಸಿಗೆ ಅದು ಸ್ಪಂದಿಸದೇ ಹೋಗಬಹುದು. ತೀರ ಕೆಳಗೆ ಕಟ್ಟಿದರೆ ಗಾಳಿಗೆ ಓಲಾಡುವ ಹುಲ್ಲಿಗೇ ಸಾವಿರಾರು ಚಿತ್ರ. ಆದ್ದರಿಂದ ಮುಂದಿನ ಹುಲ್ಲು ಕೊಯ್ದು, ಗೋಡೆಯ ಉದ್ದಕ್ಕೆ ಮುಖ ಮಾಡಿ, ಅಳತೆಗೆಂದು ಗುರುತು ಹಾಕಿದ ಒಂದು ಕಡ್ಡಿಯನ್ನು ನೆಟ್ಟರೆ ಒಳ್ಳೆಯದು. ಮಬ್ಬು ಚಿತ್ರದಲ್ಲಿ ಬಂದದ್ದು ಇಲಿಯೋ ನರಿಮರಿಯೋ ಎಂಬ ಜಗಳ ಆ ಕಡ್ಡಿಯಿಂದ ತೀರುತ್ತದೆ.

ನಾಯಿ ಇದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ ಅನಿಸಬಹುದು. ಇಲಿಯ ವಾಸನೆ ಹಿಡಿಯಲು ಪಳಗಿಸಿದ ನಾಯಿ ದಿನಗಳ ಕೆಲಸವನ್ನು ಗಂಟೆಗಳಲ್ಲಿ ಮುಗಿಸುತ್ತದೆ. ಆದರೆ ತುಪ್ಪಳ ಸೀಲ್‌ಗಳನ್ನು ಕಾಪಾಡಲು ಪ್ರಿಬಿಲೋಫ್ ದ್ವೀಪಗಳಿಗೆ ನಾಯಿ ಇಳಿಸುವುದನ್ನೇ ಕೇಂದ್ರದ ನಿಯಮ ನಿಷೇಧಿಸಿದೆ. ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಸೀಲ್‌ಗಳ ತಾಣದ ಹತ್ತಿರ ಪರವಾನಗಿಯಿಲ್ಲದ ಮನುಷ್ಯರೂ ಹೋಗುವಂತಿಲ್ಲ. ಇಲಿ ಕಂಡ ವರದಿ ಬಂದದ್ದು ಸರಿಯಾಗಿ ಆ ಅವಧಿಯಲ್ಲೇ. ಕೃಷಿ ಇಲಾಖೆಯ ನಾಯಿಯನ್ನು ತರಲು ಸಮುದಾಯ ಅನುಮತಿ ಕೋರಿತು. ಸೀಲ್ ಕಾಯುವ ನಿಯಮವೇ ಹಕ್ಕಿ ಕಾಯುವ ಕೆಲಸಕ್ಕೆ ಅಡ್ಡ ಬಂದ ಈ ಸಂದರ್ಭದಲ್ಲಿ, ನಿಯಮವನ್ನು ಹಾರದೆ ಅನುಮತಿಯ ದಾರಿ ಹಿಡಿದದ್ದು ಸರಿಯಾದ ನಡೆ. ತಪ್ಪಿದ್ದರೆ ಅದು ಅನುಮತಿಯ ಕಾಗದವನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲದ್ದರಲ್ಲಿ. ಬೇರೆ ದ್ವೀಪಗಳು ಇದರಿಂದ ಕಲಿಯಬೇಕಾದದ್ದು ಇದೊಂದು: ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು.

ಒಂಟಿ ಇಲಿ ಯಾಕೆ ಸಿಗುವುದಿಲ್ಲ

ಸೇಂಟ್ ಪಾಲ್‌ಗೆ ಇದರ ಹಿಂದಿನ ಅನುಭವವಿತ್ತು. ಬಾರ್ಜ್‌ನಿಂದ ಇಳಿದಿರಬೇಕೆಂದು ನಂಬಲಾದ ಒಂದು ಇಲಿ ಬಂದರಿನ ಬೋನುಗಳನ್ನೆಲ್ಲ ದಾಟಿ ಒಳಗೆ ಬಂತು. ಅದನ್ನು ಹುಡುಕಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. 2019ರಲ್ಲಿ ಅದು ಸತ್ತು ಬಿದ್ದದ್ದು ಸಿಕ್ಕಿತು. ಅದು ಒಂಟಿಯಾಗಿದ್ದದ್ದು ದ್ವೀಪದ ಪುಣ್ಯ.

ಒಂಟಿ ಇಲಿ ಸುಲಭಕ್ಕೆ ಸಿಗದು ಎಂಬುದನ್ನು ನ್ಯೂಜಿಲೆಂಡಿನಲ್ಲಿ 2004ರಲ್ಲಿ ನಡೆದ ಒಂದು ಪ್ರಯೋಗ ತೋರಿಸಿತ್ತು. ಸಂಶೋಧಕರು ಮೋಟುಹೊರೊಪಾಪಾ ಎಂಬ ಪುಟ್ಟ ನಿರ್ಜನ ದ್ವೀಪದಲ್ಲಿ ಒಂದೇ ಒಂದು ಗಂಡು ಕಂದು ಇಲಿಯನ್ನು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ತಾವೇ ಬಿಟ್ಟರು. ಆಮೇಲೆ ಹಿಡಿಯಲು ಹೊರಟರು. ಹತ್ತು ಹೆಕ್ಟೇರೂ ಇಲ್ಲದ ಜಾಗ, ಬೋನು, ನಾಯಿ ಎಲ್ಲ ಇತ್ತು. ಇಲಿ ಸಿಗಲಿಲ್ಲ, ಬದಲಿಗೆ 400 ಮೀಟರ್ ಈಜಿ ಪಕ್ಕದ ಒಟಾಟಾ ದ್ವೀಪ ಸೇರಿತು. ಹದಿನೆಂಟು ವಾರದ ನಂತರ ಕೊನೆಗೆ ಅದು ಬಿದ್ದದ್ದು ಪೆಂಗ್ವಿನ್ ಮಾಂಸ ಇಟ್ಟ ಬೋನಿಗೆ.

ಇಲಿ ತುಂಬಿದ ಊರಿನಲ್ಲಿ ಬೋನು ಕೆಲಸ ಮಾಡುವುದು ಹಸಿವು ಮತ್ತು ಪೈಪೋಟಿಯಿಂದ. ಒಂಟಿ ಇಲಿಗೆ ಎರಡೂ ಇಲ್ಲ. ಬೇಸಿಗೆಯ ಸೇಂಟ್ ಪಾಲ್‌ನಲ್ಲಿ ಅದಕ್ಕೆ ಮೊಟ್ಟೆಯಿದೆ, ಮರಿಯಿದೆ, ತೀರದಲ್ಲಿ ಸತ್ತ ಸೀಲ್ ಮರಿಯಿದೆ. ಅಂಥದ್ದಕ್ಕೆ ಪೀನಟ್ ಬಟರಿನ ಆಸೆ ಎಲ್ಲಿಂದ ಬರಬೇಕು? ಹೊಸ ವಸ್ತು ಕಂಡರೆ ಹೆದರಿ ದೂರ ಸರಿಯುವುದು ಕಂದು ಇಲಿಯ ಸ್ವಭಾವ. ರಾತ್ರೋರಾತ್ರಿ ತಂದಿಟ್ಟ ಪೆಟ್ಟಿಗೆಯನ್ನು ಅದು ದಿನಗಟ್ಟಲೆ ಸುತ್ತುಹಾಕಿ ಹೋಗುತ್ತದೆ. ಅದಕ್ಕೇ ವರ್ಷಪೂರ್ತಿ ಇದ್ದಲ್ಲೇ ಇರುವ, ಮಳೆಬಿಸಿಲಿಗೆ ಹಳತಾದ ಪೆಟ್ಟಿಗೆ ಹೊಸದಕ್ಕಿಂತ ಮೇಲು. ಗಡಿಬಿಡಿಯಲ್ಲಿ ಹೊಸದಿಟ್ಟರೆ ಮೊದಲ ಕೆಲವು ದಿನ ಕತ್ತರಿಯನ್ನು ಎತ್ತಿ ಕಟ್ಟದೆ ಬರಿಯ ಆಮಿಷ ಇಟ್ಟು ರೂಢಿ ಮಾಡಿಸುವುದುಂಟು. ಆಮಿಷವನ್ನೂ ಬದಲಿಸುತ್ತಿರಬೇಕು: ಒಂದು ಕಡೆ ಪೀನಟ್ ಬಟರ್, ಇನ್ನೊಂದು ಕಡೆ ಮೀನು, ಮತ್ತೊಂದು ಕಡೆ ಗೂಡಿಗೆ ಬೇಕಾಗುವ ಹತ್ತಿಯ ಉಂಡೆ.

ಇಲ್ಲ ಎಂದು ಯಾವಾಗ ಹೇಳಬಹುದು

2024ರಲ್ಲಿ ಬುಡಕಟ್ಟಿನ ಪರಿಸರ ಸಂರಕ್ಷಣಾ ಕಚೇರಿಯ ನಿರ್ದೇಶಕಿಯಾಗಿದ್ದ ಲಾರೆನ್ ಡಿವೈನ್ ಈ ಹುಡುಕಾಟವನ್ನು ಬಣವೆಯಲ್ಲಿ ಸೂಜಿ ಹುಡುಕುವುದಕ್ಕೆ ಹೋಲಿಸಿ, ಸೂಜಿ ಇದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ ಎಂದಿದ್ದರು. ಮುಂದಿನ ನಿರ್ಧಾರಗಳೆಲ್ಲ ಈ ಗೊತ್ತಿಲ್ಲ ಎಂಬುದರ ಮೇಲೆ ನಿಲ್ಲುತ್ತವೆ.

ಒಂದು ಲೆಕ್ಕ ಹಾಕೋಣ. ಇಲಿ ಇದ್ದದ್ದೇ ಆದರೆ ಒಂದು ವಾರದ ತಪಾಸಣೆಯಲ್ಲಿ ಅದರ ಗುರುತು ಸಿಗುವ ಸಾಧ್ಯತೆ ನೂರಕ್ಕೆ 20 ಎಂದು ಇಟ್ಟುಕೊಳ್ಳಿ. ಮೊದಲ ವಾರ ಏನೂ ಸಿಗದಿದ್ದರೆ ಅದಕ್ಕೆ ಹೆಚ್ಚು ಅರ್ಥವಿಲ್ಲ, ಇರುವ ಇಲಿಯೂ ನೂರಕ್ಕೆ 80 ಸಲ ತಪ್ಪಿಸಿಕೊಳ್ಳುತ್ತದೆ. ಹತ್ತು ವಾರ ಬಿಡದೆ ನೋಡಿದರೂ ತಪ್ಪಿಸಿಕೊಳ್ಳುವ ಪಾಲು ನೂರಕ್ಕೆ ಸುಮಾರು 11. ಇಪ್ಪತ್ತು ವಾರಕ್ಕೆ ಅದು ಒಂದರ ಹತ್ತಿರ ಬರುತ್ತದೆ. ಎರಡು ವಾರ ಹುಡುಕಿ ಕೈಬಿಡುವುದು ಯಾಕೆ ತಪ್ಪು, ಎಚ್ಚರಿಕೆ ತಿಂಗಳುಗಟ್ಟಲೆ ಯಾಕೆ ಮುಂದುವರಿಯಬೇಕು ಎಂಬುದು ಇದರಲ್ಲೇ ಇದೆ. ನಡುವೆ ಮೂರು ವಾರ ಯಾರೂ ಪೆಟ್ಟಿಗೆ ನೋಡದಿದ್ದರೆ, ಆ ಮೂರು ವಾರ ಲೆಕ್ಕಕ್ಕೇ ಬರುವುದಿಲ್ಲ. ಚಳಿಗಾಲ ಒಂದು ವಿಧದಲ್ಲಿ ಅನುಕೂಲ: ಹಕ್ಕಿ ಹೋಗಿ ಹೊರಗೆ ಆಹಾರ ತಗ್ಗುತ್ತದೆ, ಇಲಿ ಬೆಚ್ಚಗಿನ ಕಟ್ಟಡದ ಕಡೆ ಬರುತ್ತದೆ, ಹೊಸ ಹಿಮದ ಮೇಲೆ ಹೆಜ್ಜೆ ಮುಚ್ಚಿಡಲಾಗುವುದಿಲ್ಲ.

ಇನ್ನೊಂದು ಸಂಗತಿ ಯಂತ್ರದಿಂದ ಬರುವುದಿಲ್ಲ. ಆ ನಿವಾಸಿ ಹೇಳದೇ ಇದ್ದಿದ್ದರೆ? ಖಾತ್ರಿಯಿಲ್ಲದ ಮಾತು ಹೇಳಿದರೆ ಜನ ನಕ್ಕಾರು ಎಂದು ಸುಮ್ಮನಾಗುವುದು ಎಲ್ಲ ಊರಿನ ಸ್ವಭಾವ. ಸೇಂಟ್ ಪಾಲ್‌ನಲ್ಲಿ ಹಾಗಾಗದಿರಲು ವರ್ಷಗಳ ತಯಾರಿ ಕಾರಣ. ಬುಡಕಟ್ಟು ಕಚೇರಿ ನಡೆಸುವ ಇಂಡಿಜಿನಸ್ ಸೆಂಟಿನೆಲ್ಸ್ ನೆಟ್‌ವರ್ಕ್ ಎಂಬ ದಾಖಲೆಯ ಜಾಲದಲ್ಲಿ ಊರಿನವರು ಕಂಡದ್ದನ್ನು ಬರೆಯುತ್ತ ಬಂದಿದ್ದಾರೆ: ಬಲೆಯ ತುಂಡು ಕೊರಳಿಗೆ ಸಿಕ್ಕಿಕೊಂಡ ಸೀಲ್, ತೀರಕ್ಕೆ ಬಿದ್ದ ಹಕ್ಕಿ, ಎಂದೂ ಕಾಣದ ಮೀನು. 2016ರ ಅಕ್ಟೋಬರಿನಿಂದ 2017ರ ಜನವರಿಯವರೆಗೆ ದಡಕ್ಕೆ ಸತ್ತ ಪಫಿನ್‌ಗಳು ಬಂದು ಬೀಳತೊಡಗಿದಾಗ, ಮರಳಿನ ಮೇಲೆ ನಡೆದು 350ಕ್ಕೂ ಹೆಚ್ಚು ಹೆಣ ಎಣಿಸಿದವರು ಈ ಊರಿನವರೇ. ಬಹುಪಾಲು ಜುಟ್ಟಿನ ಪಫಿನ್‌ಗಳು, ಗರಿ ಬದಲಿಸುತ್ತಿದ್ದ ಹೊತ್ತಿನಲ್ಲಿ ಹಸಿವಿನಿಂದ ಸತ್ತವು. ಒಟ್ಟು ಸಾವಿರಾರು ಹಕ್ಕಿ ಸತ್ತಿರಬೇಕೆಂಬ ಅಂದಾಜು ವೈಜ್ಞಾನಿಕ ಪತ್ರಿಕೆಯಲ್ಲಿ ಬಂದದ್ದು ಆ ಎಣಿಕೆಯ ಆಧಾರದ ಮೇಲೆ. ತಾವು ಹೇಳಿದ್ದು ಎಲ್ಲೋ ಸೇರುತ್ತದೆ, ಯಾರೋ ಎದ್ದು ಬರುತ್ತಾರೆ ಎಂದು ಕಂಡವರು ಮುಂದಿನ ಸಲವೂ ಹೇಳುತ್ತಾರೆ. ಒಂದು ಮಸುಕು ವರದಿಗೆ ಸಿಬ್ಬಂದಿ ಜಗಲಿಯ ಅಡಿ ತೆವಳಿದ್ದರ ದೊಡ್ಡ ಲಾಭ ಇದು.

ಮುಂದೆ

2022ರ ಅಕ್ಟೋಬರಿನಲ್ಲಿ ಬೇರಿಂಗ್ ಸಮುದ್ರದ ಹಿಮ ಏಡಿಯ ಮೀನುಗಾರಿಕೆಯನ್ನು ಮೊದಲ ಬಾರಿಗೆ ನಿಲ್ಲಿಸಿದರು. ಸಮುದ್ರ ಬಿಸಿಯಾದ ವರ್ಷಗಳಲ್ಲಿ ಕೋಟ್ಯಂತರ ಏಡಿ ಇಲ್ಲವಾಗಿದ್ದವು. ಸೇಂಟ್ ಪಾಲ್‌ನ ಆದಾಯ ಏಡಿಯ ತೆರಿಗೆಯನ್ನೇ ನಂಬಿತ್ತು, ಹೊಡೆತ ಭಾರಿಯಾಯಿತು. ಬರುವ ದೋಣಿ ಕಡಿಮೆಯಾದಾಗ ಇಲಿ ಬರುವ ಅಪಾಯವೂ ಕಡಿಮೆಯಾಯಿತು ನಿಜ, ಕಾಯುವ ಕೈಗಳೂ ಕಡಿಮೆಯಾದವು. 2024ರ ಅಕ್ಟೋಬರಿನಲ್ಲಿ ಚಿಕ್ಕ ಮಿತಿಯೊಂದಿಗೆ ಹಿಮ ಏಡಿಗೆ ಮತ್ತೆ ಅವಕಾಶ ಕೊಟ್ಟರು. ಊರಿಗೆ ಅದು ಬೇಕಿತ್ತು. ಇಲಿಯ ಹುಡುಕಾಟ ಇನ್ನೂ ಮುಗಿಯದ ಅದೇ ಹೊತ್ತಿಗೆ, ಬೇರೆ ಬಂದರುಗಳಲ್ಲಿ ಪೇರಿಸಿಟ್ಟ ಪಂಜರಗಳನ್ನು ಹೊತ್ತ ದೋಣಿಗಳು ಮತ್ತೆ ಈ ದಡಕ್ಕೆ ಬರುವುದಕ್ಕೂ ಅದು ದಾರಿ ತೆರೆಯಿತು.

ದಡದ ಪೆಟ್ಟಿಗೆಯೊಂದನ್ನು ನೋಡುವ ಕೆಲಸ ಐದು ನಿಮಿಷದ್ದು. ಮುಚ್ಚಳದ ಮೇಲಿನ ಹಿಮ ಒರೆಸಿ, ತಿರುಪು ಸಡಿಲಿಸಿ, ಟಾರ್ಚ್ ಬಿಟ್ಟು ಬಿಲ್ಲೆಯ ನಾಲ್ಕೂ ಅಂಚು ನೋಡಬೇಕು. ಒಂದು ಅಂಚಿನಲ್ಲಿ ಸಣ್ಣ ಗೀರು, ಅಳೆದರೆ ಒಂದೂವರೆ ಮಿಲಿಮೀಟರ್: ಚಿಟ್ಟಿಲಿ. ಕತ್ತರಿಯನ್ನು ಕಡ್ಡಿಯಿಂದ ಬೀಳಿಸಿದರೆ ಟಪ್ಪೆಂದು ಬಿತ್ತು, ಸರಿಯಿದೆ. ಹೊಸ ಆಮಿಷ ಸವರಿ, ಎತ್ತಿ ಕಟ್ಟಿ, ಮುಚ್ಚಳ ಬಿಗಿದು, ಪೆಟ್ಟಿಗೆಯ ಸಂಖ್ಯೆ ಮತ್ತು ದಿನಾಂಕದ ಎದುರು 'ಇಲಿ ಇಲ್ಲ' ಎಂದು ಬರೆದು ಮುಂದಿನ ಪೆಟ್ಟಿಗೆಗೆ ಹೋಗಬೇಕು. ಬರೆಯದೇ ಬಂದರೆ ಆ ಪೆಟ್ಟಿಗೆಯನ್ನು ನೋಡಿಲ್ಲ ಎಂದೇ ಲೆಕ್ಕ.